ಬಿಳಿ ಪಟ್ಟಿಯ ಗಂಟು

ಆ ಶಿಬಿರದಲ್ಲಿ ಸುಳ್ಳು ಹೇಳಬಾರದೆಂಬ ಕಟ್ಟುಪಾಡು ಇದ್ದದ್ದು ನನಗೊಬ್ಬನಿಗೇ. ಉಳಿದವರಿಗೆಲ್ಲ ಸುಳ್ಳೇ ಕೆಲಸ. ಪ್ರಶ್ನೆ ಕೇಳುವವರು ವೈರಿ ದೇಶದವರ ವೇಷ ಹಾಕಿದ್ದರು. ಕಾವಲಿನವರು ಗುರುತಿಲ್ಲದ ಸಮವಸ್ತ್ರ ತೊಟ್ಟು ಯಾರ ಮುಖವನ್ನೂ ನೋಡದೆ ಓಡಾಡುತ್ತಿದ್ದರು. ಸೆರೆ ಸಿಕ್ಕವರೂ ತಮ್ಮ ನಿಜವನ್ನು ಬಚ್ಚಿಡುವುದನ್ನು ಕಲಿಯಲೆಂದೇ ಬಂದಿದ್ದರು. ನನ್ನ ಎಡತೋಳಿಗೆ ಮಾತ್ರ ನಾಲ್ಕು ಬೆರಳಗಲದ ಬಿಳಿ ಬಟ್ಟೆಯ ಪಟ್ಟಿ. ಅದರ ಒಂದು ತುದಿ ಇಳಿಬಿದ್ದಿರುತ್ತಿತ್ತು, ಆ ತುದಿಗೆ ಬಿಗಿಯಾದ ಗಂಟು. ಕಣ್ಣು ಕಟ್ಟಿಸಿಕೊಂಡು ಕೂತವನ ಅಂಗೈಗೆ ಆ ಗಂಟು ಮುಟ್ಟಿಸಿದರೆ ಅವನಿಗೆ ತಿಳಿಯಬೇಕು: ಈಗ ಮಗ್ಗುಲಲ್ಲಿ ಕೂತವನು ಈ ನಾಟಕದವನಲ್ಲ, ಇವನ ಮಾತು ನಂಬಬಹುದು.

ನಾನು ಫೌಜಿನಲ್ಲಿ ನರ್ಸಿಂಗ್ ಹವಾಲ್ದಾರನಾಗಿದ್ದೆ. ಸೂಜಿ ಚುಚ್ಚುವುದು, ಗಾಯ ಕಟ್ಟುವುದು, ನಾಡಿ ನೋಡಿ ಕಾರ್ಡಿನಲ್ಲಿ ಬರೆಯುವುದು ನನ್ನ ಕೆಲಸ. ಶತ್ರುವಿನ ಕೈಗೆ ಸಿಕ್ಕರೆ ಬಾಯಿ ಬಿಡದೆ ತಾಳಿಕೊಳ್ಳುವುದನ್ನು ಕಲಿಸುವ ತಂಡವೊಂದು ನಮ್ಮ ಸೀಮೆಗೆ ಹೊರಟಿತ್ತು. ಅಲ್ಲಿಯ ಮಾತು ಬಲ್ಲ ವೈದ್ಯಕೀಯ ಸಹಾಯಕ ಬೇಕು ಎಂದಾಗ ದೊಡ್ಡವರಿಗೆ ನನ್ನ ನೆನಪಾಯಿತು. ರಂಗಂಪೇಟೆಯಲ್ಲಿ ಹುಟ್ಟಿ ಬೆಳೆದವನು ನಾನು. ಊರ ಹತ್ತಿರ ಹತ್ತು ದಿನ ಇರಬಹುದಲ್ಲ, ಜೋಳದ ರೊಟ್ಟಿಯಾದರೂ ಸಿಗುತ್ತದಲ್ಲ ಎಂದು ಖುಷಿಯಿಂದಲೇ ಪೆಟ್ಟಿಗೆ ಕಟ್ಟಿದೆ. ಆ ಖುಷಿ ನೆನೆದರೆ ಈಗ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಸುರಪುರದಿಂದ ಶಹಾಪುರದ ಕಡೆಗೆ ಹೋಗುವಾಗ ಕಾಲುವೆಯ ಮಗ್ಗುಲಿಗೆ ಪ್ರಾಜೆಕ್ಟಿನವರ ಹಳೆಯ ಕಾಲೋನಿ ಇತ್ತು. ಕಾಲುವೆ ಕಡಿಯುವ ಕಾಲಕ್ಕೆ ಕಟ್ಟಿದ್ದು. ಕೆಲಸ ಮುಗಿದು ಇಂಜಿನಿಯರುಗಳು ಹೋದ ಮೇಲೆ ಅಲ್ಲಿನ ಬಾಗಿಲು, ಕಿಟಕಿ, ಫರಸಿ ಎಲ್ಲ ಒಂದೊಂದಾಗಿ ಕಾಲು ಬಂದಂತೆ ನಡೆದುಹೋಗಿದ್ದವು. ಕ್ವಾರ್ಟರ್ಸುಗಳ ಒಳಗೆ ಜಾಲಿ ಬೆಳೆದಿತ್ತು. ಸಿಮೆಂಟಿನ ಗೋದಾಮು ಒಂದು ಗಟ್ಟಿಯಾಗಿ ಉಳಿದಿತ್ತು. ಉದ್ದನೆಯ ಕೋಣೆ, ಎತ್ತರದಲ್ಲಿ ನಾಲ್ಕು ಕಿಂಡಿ, ಮೇಲೆ ತಗಡು. ಕಿಂಡಿಗಳಿಗೆ ಕಪ್ಪು ತಾಡಪತ್ರಿ ಬಡಿದೆವು. ಗೋಡೆಯ ಆಚೆ ಡೀಸೆಲ್ ಪಂಪಿನ ಎಂಜಿನ್ ತಂದಿಟ್ಟೆವು. ಅದಕ್ಕೆ ನೀರೆತ್ತುವ ಕೆಲಸವಿರಲಿಲ್ಲ, ಹಗಲೂ ರಾತ್ರಿ ಒಂದೇ ಸಮನೆ ಸದ್ದು ಮಾಡಿದರೆ ಸಾಕಿತ್ತು. ಒಳಗೆ ಕೂತವನಿಗೆ ಹೊತ್ತು ತಿಳಿಯಬಾರದು, ಪಕ್ಕದವನ ಉಸಿರೂ ಕೇಳಬಾರದು. ಮುಂಗಾರು ಇನ್ನೂ ಬಿದ್ದಿರಲಿಲ್ಲ. ಮಧ್ಯಾಹ್ನದ ಬಿಸಿಲಿಗೆ ತಗಡು ಟಕ್ ಟಕ್ ಎನ್ನುವುದು ಆ ಎಂಜಿನ್ನಿನ ನಡುವೆಯೂ ಕೇಳಿಸುತ್ತಿತ್ತು.

ತಂಡದ ಮುಖ್ಯಸ್ಥರು ಒಬ್ಬ ಮೇಜರ್, ಉತ್ತರದ ಕಡೆಯವರು, ದನಿ ಏರಿಸದ ಮನುಷ್ಯ. ಮೊದಲ ದಿನವೇ ನನ್ನನ್ನು ಎದುರಿಗೆ ಕೂರಿಸಿಕೊಂಡು ಬಿಳಿ ಪಟ್ಟಿಯ ಕಟ್ಟಳೆ ಹೇಳಿದರು. ಪಟ್ಟಿ ಕಟ್ಟಿದವನು ಸುಳ್ಳು ಹೇಳಕೂಡದು. ಮೈಯ ವಿಚಾರ ಬಿಟ್ಟು ಬೇರೇನೂ ಕೇಳಕೂಡದು. ಎಲ್ಲಿ ನೋವಿದೆ, ಉಸಿರು ಸರಾಗವಾಗಿದೆಯೇ, ಮುಂದುವರಿಯುತ್ತೀಯೋ ಬಿಡುತ್ತೀಯೋ, ಅಷ್ಟೇ. ಅವನಿಗೆ ಕಂಡದ್ದು ಕೇಳಿದ್ದು ಮೇಜರ್ ಒಬ್ಬರಿಗೇ ಹೋಗಬೇಕು, ಪ್ರಶ್ನೆ ಕೇಳುವವರ ಕಿವಿಗೆ ಬೀಳಕೂಡದು. ಕಡೆಗೆ, ಇವರನ್ನು ಒಳಗೆ ಹಾಕುವುದು ಕಷ್ಟವಲ್ಲ, ಹೊರಗೆ ತರುವಾಗ ನಿನ್ನ ತೋಳಿನ ಬಟ್ಟೆಯೊಂದೇ ಅವರಿಗೆ ಗುರುತು ಎಂದರು. ನಾನು ‘ಹೌದು ಸಾಬ್’ ಎಂದೆ. ಫೌಜಿನಲ್ಲಿ ಹೌದು ಸಾಬ್ ಎನ್ನಲು ಮಾತು ತಲೆಗೆ ಹೋಗಿರಬೇಕೆಂದೇನೂ ಇಲ್ಲ.

ತಾವಾಗಿಯೇ ಹೆಸರು ಕೊಟ್ಟು ಬಂದ ಸಿಪಾಯಿಗಳು ಹನ್ನೆರಡು ಮಂದಿ. ಅಂಗಿಯ ಬೆನ್ನಿಗೆ ಸುಣ್ಣದಲ್ಲಿ ಒಂದೊಂದು ನಂಬರು ಬರೆದಿದ್ದೆವು. ಯಾರು ಯಾವ ಕಡೆಯವರು ಎಂಬುದು ನಮಗೂ ಗೊತ್ತಿರಕೂಡದು. ಸಿಕ್ಕಿಬಿದ್ದವನು ಹೇಳಬಹುದಾದದ್ದು ನಾಲ್ಕೇ ಸಂಗತಿ: ತನ್ನ ಹೆಸರು, ಹುದ್ದೆ, ಸರ್ವಿಸ್ ನಂಬರು, ಹುಟ್ಟಿದ ದಿನ. ಐದನೆಯದು ಬಾಯಿಂದ ಬಿದ್ದರೆ ಸೋತಂತೆ. ಸಾಕೆನಿಸಿದರೆ ಎರಡೂ ಕೈ ಮೇಲೆತ್ತಬೇಕು, ಆ ಕ್ಷಣವೇ ಹೊರಗೆ ಕರೆತರುತ್ತೇವೆ, ಯಾರೂ ಹೀಯಾಳಿಸುವುದಿಲ್ಲ ಎಂದು ಮೇಜರ್ ಅವರಿಗೆ ಎರಡೆರಡು ಸಲ ಹೇಳಿದ್ದರು.

ಮೊದಲ ಎರಡು ದಿನ ಅವರು ತಪ್ಪಿಸಿಕೊಂಡು ಓಡಬೇಕು, ನಮ್ಮವರು ಹುಡುಕಿ ಹಿಡಿಯಬೇಕು. ಹೆಚ್ಚಿನವರು ಬತ್ತಿದ ಕಾಲುವೆಯೊಳಗೆ ಇಳಿದು ನಡೆದರು. ಹೊರಗಿನವರಿಗೆ ತಲೆ ಕಾಣುವುದಿಲ್ಲ, ದಾರಿಯೂ ತಪ್ಪುವುದಿಲ್ಲ. ಅದನ್ನೇ ಕಾಯುತ್ತಿದ್ದ ನಮ್ಮವರು ಸೇತುವೆಗಳ ಕೆಳಗೆ ನೆರಳಲ್ಲಿ ಕೂತು ಒಬ್ಬೊಬ್ಬರನ್ನೇ ಹಿಡಿದರು. ಏಳನೇ ನಂಬರಿನವನು ಮಾತ್ರ ಕಾಲುವೆಗೆ ಇಳಿಯಲಿಲ್ಲ. ಹೊಲದ ಬದು ಹಿಡಿದು, ಹತ್ತಿಕಟ್ಟಿಗೆಯ ಒಟ್ಟಿಲುಗಳ ಮರೆಯಲ್ಲಿ ಬಂದು, ಎಲ್ಲರಿಗಿಂತ ಕೊನೆಗೆ ಎರಡನೆಯ ದಿನದ ಸಂಜೆ ಸಿಕ್ಕ. ಈ ನೆಲ ಅವನಿಗೆ ಹೊಸದಲ್ಲವೆಂದು ನನಗೆ ಆಗಲೇ ಹೊಳೆಯಬೇಕಿತ್ತು.

ಅಂದಿನಿಂದ ಗೋದಾಮಿನ ಕೆಲಸ ಶುರುವಾಯಿತು. ಕಣ್ಣಿಗೆ ಬಟ್ಟೆ, ಚಾಪೆಯ ಮೇಲೆ ಕಾಲು ಚಾಚಿ ಕೂರುವುದು, ಒರಗಿಕೊಳ್ಳುವಂತಿಲ್ಲ, ಮಲಗುವಂತಿಲ್ಲ. ಮನಸ್ಸಿಗೆ ಬಂದ ಹೊತ್ತಿಗೆ ಒಬ್ಬನನ್ನು ಎಬ್ಬಿಸಿ ಮಗ್ಗುಲ ಕೋಣೆಗೆ ಒಯ್ಯುತ್ತಿದ್ದರು. ಅಲ್ಲಿ ಕೂತಿರುತ್ತಿದ್ದವರು ಒಬ್ಬ ಸುಬೇದಾರ್. ಹೊರಗೆ ನಮ್ಮೊಡನೆ ಚುರುಮುರಿ ತಿನ್ನುತ್ತ ಮಕ್ಕಳ ಶಾಲೆಯ ವಿಚಾರ ಕೇಳುವ ಮನುಷ್ಯ, ಕಾಲರು ಸರಿಪಡಿಸಿಕೊಂಡು ಒಳಗೆ ಹೋದರೆ ಬೇರೆಯೇ ಆಗುತ್ತಿದ್ದರು. ಹೊಡೆಯುತ್ತಿರಲಿಲ್ಲ, ಬೈಯುತ್ತಿರಲಿಲ್ಲ. ಒಂದೇ ಪ್ರಶ್ನೆಯನ್ನು ಅದೇ ದನಿಯಲ್ಲಿ ನಲವತ್ತು ಸಲ ಕೇಳುತ್ತಿದ್ದರು. ಆಚೆ ಕೂತು ಕೇಳುತ್ತಿದ್ದ ನನಗೇ ಎದ್ದು ಹೋಗಿ ಉತ್ತರ ಕೊಟ್ಟುಬಿಡೋಣ ಅನ್ನಿಸುತ್ತಿತ್ತು.

ಎರಡು ತಾಸಿಗೊಮ್ಮೆ ನನ್ನ ಸರದಿ. ಗಂಟು ಮುಟ್ಟಿಸು, ಮುಂಗೈ ಹಿಡಿ, ಗಡಿಯಾರ ನೋಡು, ಕಾರ್ಡಿನಲ್ಲಿ ಬರೆ. ಬೆಳಗಾಗುವುದರೊಳಗೆ ಮೂವರು ಕೈ ಎತ್ತಿದರು. ಹೊರಗೆ ಬಂದವರಲ್ಲಿ ಒಬ್ಬನಿಗೆ ನಗು ಹತ್ತಿಕೊಂಡಿತು, ನಿಲ್ಲಿಸು ಎಂದರೆ ಅಳುವ ಮುಖ ಮಾಡಿಕೊಂಡು ಮತ್ತೂ ನಗುತ್ತಿದ್ದ. ಇನ್ನೊಬ್ಬ ಹೊರಗಿನ ಬಯಲಿಗೆ ಬಂದರೂ ಮೂತ್ರಕ್ಕೆ ಹೋಗಲು ನನ್ನ ಅಪ್ಪಣೆಗಾಗಿ ಕಾಯುತ್ತ ನಿಂತಿದ್ದ. ಗಟ್ಟಿಮುಟ್ಟಾದ ಜವಾನರು ಅವರು. ಅರ್ಧ ದಿನಕ್ಕೇ ಹೀಗಾದರೆ ಮುಂದೇನು ಎಂದು ನನಗೆ ಹೆದರಿಕೆಯಾಯಿತು.

ಬೆಳಗಿನ ಸುತ್ತಿನಲ್ಲಿ ಏಳನೆಯವನ ಬಳಿ ಕೂತೆ. ನಾಡಿ ನೂರ ಹದಿನೆಂಟು. ಗಂಟು ತಾಗಿದ್ದೇ ತಡ, ಅವನು ಬೆರಳು ಮಡಿಚಿ ಅದನ್ನು ಮುಷ್ಟಿಯೊಳಗೆ ಹಿಡಿದುಕೊಂಡ. ಬಾಯೊಳಗೆ ಏನೋ ಗೊಣಗುತ್ತಿದ್ದ. ಬಾಗಿ ಕೇಳಿದರೆ, ‘ಯವ್ವಾ, ಯವ್ವಾ’ ಎಂದು ನರಳುತ್ತಿದ್ದ.

ನಮ್ಮ ಕಡೆ ಗುರುತಿಲ್ಲದ ಇಬ್ಬರು ಬಸ್ಸಿನ ಒಂದೇ ಸೀಟಿನಲ್ಲಿ ಕೂತರೆ ಮೊದಲು ಕೇಳುವುದು ಹೆಸರಲ್ಲ. ಯಾವೂರು, ಯಾರ ಪೈಕಿ. ಅದಕ್ಕೆ ಉತ್ತರ ಬಂತೆಂದರೆ ಹೆಸರು ಗೊತ್ತಾಗದಿದ್ದರೂ ನಡೆಯುತ್ತದೆ. ಕಾಯಿಲೆಯವನ ಹಾಸಿಗೆ ಪಕ್ಕ ಕೂತರಂತೂ ಅದನ್ನು ಕೇಳದೆ ಮೈ ಮುಟ್ಟುವುದೇ ಇಲ್ಲ. ವರ್ಷಗಟ್ಟಲೆ ಪರಭಾಷೆ ಕೇಳಿ ಬೇಸತ್ತ ನನ್ನ ಕಿವಿಗೆ ಆ ನರಳಾಟ ಬಿದ್ದಾಗ ಕಟ್ಟಳೆ ನೆನಪಿಗೆ ಬರಲಿಲ್ಲ. ಬಾಯಿ ತಾನಾಗಿ ಕೇಳಿತು.

“ಯಾವೂರೋ ತಮ್ಮಾ ನಿಂದು? ಯಾರ ಪೈಕಿ?”

ಅವನ ತಲೆ ನನ್ನ ಕಡೆ ತಿರುಗಿತು. ಗಂಟು ಇನ್ನೂ ಮುಷ್ಟಿಯಲ್ಲೇ ಇತ್ತು.

“ದೋರನಹಳ್ಳಿರೀ,” ಎಂದ. ಗಂಟನ್ನು ಇನ್ನೂ ಬಿಗಿ ಹಿಡಿದು, “ಅಪ್ಪ ಅವ್ವ ಇಲ್ರಿ. ಅಕ್ಕನೇ ಸಾಕ್ಯಾಳ. ಕಾಲುವಿ ದಂಡಿಗೆ ಮನಿ ಅದ. ಹಿತ್ತಲ ಬಾಗ್ಲಾ ತೆಗದ್ರ ಕಾಲುವಿನೇ ರೀ,” ಎಂದ.

ಎರಡು ನಿಮಿಷದಲ್ಲಿ ನಾಡಿ ಎಂಬತ್ತಾರಕ್ಕೆ ಇಳಿಯಿತು. ಯಾವ ಗುಳಿಗೆಯೂ ಅಷ್ಟು ಬೇಗ ಇಳಿಸುವುದಿಲ್ಲ. ನನಗೆ ಎಷ್ಟು ಹಿಗ್ಗಾಯಿತೆಂದರೆ ಅದನ್ನು ಕಾರ್ಡಿನ ಷರಾ ಕಾಲಮಿನಲ್ಲಿ ಹಿಂದಿಯಲ್ಲಿ ನೀಟಾಗಿ ಬರೆದೆ. ಊರ ಮಾತಾಡಿಸಿದಾಗ ನಾಡಿ ಇಳಿಯಿತು, ಊರು ದೋರನಹಳ್ಳಿ, ಸಾಕಿದವಳು ಅಕ್ಕ, ಹಿತ್ತಲ ಬಾಗಿಲಿಗೆ ಕಾಲುವೆ. ಬರೆದು ಕಾರ್ಡನ್ನು ಬಾಗಿಲ ಬಳಿಯ ಮೊಳೆಗೆ ತಗುಲಿಹಾಕಿದೆ. ಆಸ್ಪತ್ರೆಯ ವಾರ್ಡಿನಲ್ಲಿ ಕಂಡದ್ದನ್ನೆಲ್ಲ ಬರೆದು ಹಾಸಿಗೆಯ ಬುಡಕ್ಕೆ ತಗುಲಿಹಾಕುವುದು ಇಷ್ಟು ವರ್ಷದ ರೂಢಿ. ಅದುವರೆಗಿನ ಕಾರ್ಡುಗಳಲ್ಲಿ ಬರೀ ಅಂಕಿಗಳಿದ್ದುದರಿಂದ ಮೊಳೆಗಿದ್ದರೂ ತೊಂದರೆಯಾಗಿರಲಿಲ್ಲ. ಈ ಕಾರ್ಡನ್ನು ಮೇಜರ್ ಕೈಗೆ ಕೊಡಬೇಕಿತ್ತು.

ಅರ್ಧ ತಾಸಿನ ಮೇಲೆ ನಾನು ಇನ್ನೊಬ್ಬನ ಕಾಲಿನ ಬೊಬ್ಬೆಗೆ ಮುಲಾಮು ಹಚ್ಚುತ್ತಿದ್ದಾಗ ಏಳನೆಯವನನ್ನು ಪ್ರಶ್ನೆಯ ಕೋಣೆಗೆ ಒಯ್ದರು. ಆ ಕೋಣೆಯ ಬಾಗಿಲ ಬಳಿಯೇ ಕೂತಿದ್ದ ನನಗೆ ಸುಬೇದಾರರ ದನಿ ಕೇಳಿಸಿತು. ಅವರು ಪ್ರಶ್ನೆಯನ್ನೇ ಕೇಳಲಿಲ್ಲ. ದೋರನಹಳ್ಳಿಯ ಹೆಸರು ಹೇಳಿದರು. ಕಾಲುವೆ ದಂಡೆಯ ಮನೆ ಹೇಳಿದರು. ಹಿತ್ತಲ ಬಾಗಿಲಿಗೆ ಚಿಲಕ ಸರಿಯಾಗಿ ಬೀಳುವುದಿಲ್ಲ, ಅಕ್ಕ ಒಬ್ಬಳೇ ಇರುತ್ತಾಳೆ, ನಮ್ಮ ಇಬ್ಬರು ಈಗ ಆ ಬಾಗಿಲ ಮುಂದೆ ನಿಂತಿದ್ದಾರೆ ಎಂದರು. ಚಿಲಕದ ಮಾತು, ಬಾಗಿಲ ಮುಂದೆ ನಿಂತವರ ಮಾತು ಅವರೇ ಹೊಸೆದದ್ದು. ಉಳಿದದ್ದೆಲ್ಲ ನನ್ನ ಅಕ್ಷರ.

ಏಳನೆಯವನು ಬಾಯಿ ಬಿಡಲಿಲ್ಲ. ನಾಲ್ಕೇ ಸಂಗತಿ ಹೇಳಿದ. ಮೊದಲಿಗಿಂತ ಸ್ಪಷ್ಟವಾಗಿ, ಶಾಲೆಯ ಪಾಠ ಒಪ್ಪಿಸಿದಂತೆ ಹೇಳಿದ.

ಸುಬೇದಾರರು ಹೊರಗೆ ಬಂದು, ಇವನು ಕಲ್ಲು ಎಂದು ಮೆಚ್ಚಿ ನುಡಿದರು. ನಿಮಗೆ ಅದೆಲ್ಲ ಹೇಗೆ ಗೊತ್ತಾಯಿತು ಎಂದು ಕೇಳಿದೆ. ಮೊಳೆಯ ಕಡೆ ಬೊಟ್ಟು ಮಾಡಿದರು. ಸೆರೆಮನೆಯ ಗೋಡೆಯ ಮೇಲೆ ಇರುವುದನ್ನು ಓದುವುದು ನನ್ನ ಕೆಲಸ, ಅಲ್ಲಿ ನೇತುಹಾಕದಿರುವುದು ನಿನ್ನ ಕೆಲಸ ಎಂದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ.

ಆ ಕೂಡಲೇ ಮೇಜರ್ ಬಳಿ ಹೋಗಿ ಹೇಳಬಹುದಿತ್ತು. ಹೇಳಿದ್ದರೆ ಏಳನೆಯವನನ್ನು ಅಂದೇ ಹೊರಗೆ ತರುತ್ತಿದ್ದರು. ನಾನು ಹೇಳಲಿಲ್ಲ. ಸರ್ವಿಸ್ ಪುಸ್ತಕದಲ್ಲಿ ಕೆಂಪು ಗೆರೆ ಬೀಳುತ್ತದೆಂಬ ಅಂಜಿಕೆ ಒಂದು, ಅವನು ಸೋತಿಲ್ಲವಲ್ಲ, ಏನೂ ಆಗಿಲ್ಲವಲ್ಲ ಎಂಬ ಸಮಾಧಾನ ಇನ್ನೊಂದು. ಮುಂದಿನ ಸುತ್ತಿನಲ್ಲಿ ಅವನ ಅಂಗೈಗೆ ಗಂಟು ಮುಟ್ಟಿಸಿದೆ. ಅವನು ಬೆರಳು ಮಡಿಚಲಿಲ್ಲ. ಕೈಯನ್ನು ಓರೆ ಮಾಡಿದ, ಗಂಟು ಜಾರಿ ಚಾಪೆಯ ಮೇಲೆ ಬಿತ್ತು. ನಾನು ಮುಂಗೈ ಹಿಡಿದರೆ ಹೆಣದ ಕೈಯಂತೆ ಬಿಟ್ಟುಕೊಟ್ಟ. ನೀರಿನ ಬಟ್ಟಲು ಖಾಲಿಯಿತ್ತು. ಕುಡಿದಿದ್ದಾನೆ ಎಂದು ಬರೆದುಕೊಂಡೆ. ತುಟಿ ಒಡೆದಿತ್ತು, ಆದರೆ ಎಲ್ಲರ ತುಟಿಯೂ ಒಡೆದಿತ್ತು.

ಮರುದಿನ ಬೆಳಿಗ್ಗೆ ಅಭ್ಯಾಸ ಮುಗಿಯಿತು. ಎಂಜಿನ್ ನಿಲ್ಲಿಸಿದರು. ಅದು ನಿಂತಾಗ ಕಿವಿಯಲ್ಲಿ ನೋವೇ ಆಯಿತು. ಉಳಿದಿದ್ದವರು ಐದು ಮಂದಿ. ಬಿಳಿ ಪಟ್ಟಿಯವನು ಒಬ್ಬೊಬ್ಬರ ಕಣ್ಣಿನ ಬಟ್ಟೆ ಬಿಚ್ಚಿ, ಗಂಟು ಕೈಗಿಟ್ಟು, ಅಭ್ಯಾಸ ಮುಗಿದಿದೆ, ನೀನು ನಮ್ಮವರ ನಡುವೆ ಇದ್ದೀಯ ಎನ್ನಬೇಕು. ನಾಲ್ವರು ಆ ಮಾತು ಕೇಳಿ ನೆಲದ ಮೇಲೆಯೇ ಉರುಳಿದರು. ಒಬ್ಬ ನನ್ನ ಕಾಲು ತಬ್ಬಿಕೊಂಡ. ಏಳನೆಯವನ ಬಟ್ಟೆ ಬಿಚ್ಚಿದೆ. ಮೊದಲ ಸಲ ಅವನು ನನ್ನ ಮುಖ ನೋಡಿದ, ಆಮೇಲೆ ತೋಳಿನ ಪಟ್ಟಿ ನೋಡಿದ. ಹೆಸರು, ಹುದ್ದೆ, ನಂಬರು, ಹುಟ್ಟಿದ ದಿನ ಹೇಳಿದ.

ಮತ್ತೊಮ್ಮೆ ಹೇಳಿದೆ, ಕನ್ನಡದಲ್ಲೂ ಹೇಳಿದೆ. ಅದೇ ನಾಲ್ಕು. ಜೊತೆಗಾರನೊಬ್ಬ ಚಹಾದ ಲೋಟ ಹಿಡಿದು ಬಂದು ಆಟ ಮುಗಿಯಿತು ಕುಡಿ ಎಂದ. ಅವನು ಲೋಟ ನೋಡಿ ಮುಖ ತಿರುಗಿಸಿದ. ಕಿಂಡಿಯ ತಾಡಪತ್ರಿ ಕಿತ್ತೆವು. ಒಳಬಂದ ಬಿಸಿಲನ್ನೂ ಅನುಮಾನದಿಂದ ನೋಡಿದ. ಮೇಜರ್ ತಮ್ಮ ಗುರುತಿನ ಚೀಟಿ ತೋರಿಸಿ, ಅಧಿಕಾರಿಯಾಗಿ ಆಜ್ಞೆ ಮಾಡಿದರು. ಸುಬೇದಾರರು ವೇಷ ತೆಗೆದು ಬಂದು ಮಂಡಿಯೂರಿ ಕೈ ಮುಗಿದರು. ಆಗ ಮಾತ್ರ ಏಳನೆಯವನ ತುಟಿಯ ಅಂಚಿನಲ್ಲಿ ಸಣ್ಣ ನಗು ಬಂತು. ಎಷ್ಟು ಚೆನ್ನಾಗಿ ಮಾಡುತ್ತೀರಿ ಎನ್ನುವಂಥ ನಗು.

ಅವನನ್ನು ಎಬ್ಬಿಸಿ ಕೂರಿಸುವಾಗ ಚಾಪೆಯ ಅಡಿ ನೆಲ ಹಸಿಯಾಗಿದ್ದದ್ದು ಕಂಡಿತು. ನಿನ್ನೆಯಿಂದ ಕೊಟ್ಟ ನೀರನ್ನೆಲ್ಲ ಚಾಪೆಯ ಕೆಳಗೆ ಸುರಿದಿದ್ದ. ನಾಡಿ ನೂರ ಮೂವತ್ತೆರಡು, ನಾಲಗೆ ಒಣಗಿ ಬಿಳಿಯಾಗಿತ್ತು. ಆಗ ನಾನು ಮೇಜರ್ ಅವರನ್ನು ಬದಿಗೆ ಕರೆದು ಎಲ್ಲ ಹೇಳಿದೆ. ಊರು ಕೇಳಿದ್ದು, ಬರೆದದ್ದು, ಮೊಳೆಗೆ ಹಾಕಿದ್ದು, ಬಾಯಿ ಮುಚ್ಚಿಕೊಂಡಿದ್ದು. ಅವರು ಬೈಯಲಿಲ್ಲ. ಕಾರ್ಡನ್ನು ಮೊಳೆಯಿಂದ ತೆಗೆದು ಮಡಿಚಿ ಜೇಬಿಗಿಟ್ಟುಕೊಂಡರು. ಬೈದಿದ್ದರೆ ಒಳ್ಳೆಯದಿತ್ತು.

ನಾಲ್ಕು ಮಂದಿ ಹಿಡಿದು ಸೂಜಿ ಚುಚ್ಚಿ ಸಲೈನ್ ಬಾಟಲಿ ಏರಿಸಿ, ಯಾದಗಿರಿಯ ಆಸ್ಪತ್ರೆಗೆ ಸಾಗಿಸುವುದು ಎಂದು ಮೇಜರ್ ಗಾಡಿ ತರಿಸಿದರು. ಹಾಗೆ ಮಾಡಿದರೆ ಅವನ ಜೀವ ಉಳಿಯುತ್ತದೆ, ಆದರೆ ವೈರಿಗಳು ಕೆಡವಿಕೊಂಡು ಚುಚ್ಚಿದರೆಂದೇ ಅವನು ತಿಳಿಯುತ್ತಾನೆ, ಆಮೇ​ಲೆ ಯಾರೂ ಅವನನ್ನು ಹೊರಗೆ ತರಲಾರರು ಎಂದೆ. ಹಾಗಾದರೆ ನೀನೇ ದಾರಿ ಹೇಳು, ಮಧ್ಯಾಹ್ನದವರೆಗೆ ಮಾತ್ರ ಕಾಯುತ್ತೇನೆ ಎಂದರು. ಅವನ ಅಕ್ಕನನ್ನು ಕರೆತರೋಣವೆಂದು ಒಂದು ಕ್ಷಣ ಅನ್ನಿಸಿತು. ಅಕ್ಕನನ್ನೂ ಹಿಡಿದು ತಂದರು ಎಂದು ಅವನು ತಿಳಿದರೆ ಏನು ಗತಿ ಎಂದು ಬಾಯಿಗೆ ಬಂದದ್ದನ್ನು ನುಂಗಿದೆ.

ಆ ಹೊತ್ತಿಗೆ ಕಾಲುವೆಯ ಗೇಟು ನೋಡಿಕೊಳ್ಳುವ ಮುದುಕ ಸೈಕಲ್ ತಳ್ಳಿಕೊಂಡು ಬಂದ. ನಮ್ಮವರು ಬತ್ತಿದ ಕಾಲುವೆಯಲ್ಲಿ ಓಡಾಡುತ್ತಿದ್ದದ್ದನ್ನು ಅವನು ನೋಡಿದ್ದ.

“ಮ್ಯಾಲಿನ ಗೇಟ್ ಎತ್ಯಾರ್ರಿ ಸಾಹೇಬ್ರ. ಮಧ್ಯಾಹ್ನದೊಳಗ ಇಲ್ಲಿಗೆ ನೀರು ಬರ್ತದ. ನಿಮ್ಮ ಮಂದಿ ಒಳಗ ಯಾರರ ಇದ್ರ ಮ್ಯಾಲ ಬರಾಕ ಹೇಳ್ರಿ,” ಎಂದ.

ನಾನು ಮೇಜರ್ ಕಡೆ ತಿರುಗಿದೆ. ಚೀಟಿ, ಚಹಾ, ಸಮವಸ್ತ್ರ, ಮನುಷ್ಯರ ಮಾತು ಎಲ್ಲವನ್ನೂ ನಾಟಕಕ್ಕೆ ಹೊಂದಿಸಬಹುದು, ಅಣೆಕಟ್ಟೆಯಿಂದ ಇಲ್ಲಿಯವರೆಗೆ ಕಾಲುವೆ ತುಂಬ ನೀರು ಹರಿಸಲು ಯಾವ ಸುಬೇದಾರನಿಂದಲೂ ಆಗುವುದಿಲ್ಲ, ಅವನು ಕಾಲುವೆ ದಂಡೆಯಲ್ಲಿ ಬೆಳೆದವನು, ಇದು ಅವನಿಗೆ ಗೊತ್ತು ಎಂದೆ. ಈ ಸ್ಥಿತಿಯಲ್ಲಿ ಅವನನ್ನು ನೀರಿನ ದಂಡೆಗೆ ಒಯ್ದರೆ ಹಾರಿಕೊಂಡರೇನು ಎಂಬ ಹೆದರಿಕೆ ಅವರಿಗೆ. ನನಗೂ ಇತ್ತು. ಕಡೆಗೆ ಒಪ್ಪಿದರು. ಹಗ್ಗ ಬೇಡ, ಕಾವಲು ಬೇಡ, ಈಜು ಬಲ್ಲ ಇಬ್ಬರನ್ನು ಕರೆದುಕೊಂಡು ತಾವು ಕೆಳಗಿನ ಸೇತುವೆಯ ಬಳಿ ನಿಲ್ಲುವುದಾಗಿ ಹೇಳಿದರು. ನಾನು ತೋಳಿನ ಪಟ್ಟಿ ಬಿಚ್ಚಿ ಅವರ ಕೈಗೆ ಕೊಟ್ಟೆ.

ಏಳನೆಯವನು ಎದ್ದು ನನ್ನ ಹಿಂದೆ ನಡೆದ. ಕಾವಲಿನವನ ಹಿಂದೆ ಸೆರೆಯಾಳು ನಡೆಯುವ ಹಾಗೆ ನಡೆದ. ಏರಿಯ ಮೇಲೆ ನಿಲ್ಲಿಸಿ ಐದಾರು ಹೆಜ್ಜೆ ದೂರ ಸರಿದು ಕೂತೆ. ಮಾತಾಡಕೂಡದೆಂದು ನನಗೆ ನಾನೇ ಆಣೆ ಹಾಕಿಕೊಂಡಿದ್ದೆ. ಕಾಲುವೆಯ ತಳದಲ್ಲಿ ಒಣಗಿದ ರಾಡಿ ಬಿರಿದು ಹೆಂಟೆಯಾಗಿತ್ತು. ಆಚೆ ದಂಡೆಗೆ ಸುತ್ತಲಿನ ಹೊಲಗಳ ಜನ ಬಂದು ಸೇರುತ್ತಿದ್ದರು. ಹೆಂಗಸೊಬ್ಬಳು ಅರಿಸಿನ ಕುಂಕುಮ, ಹಸಿರು ಬಳೆ, ಕುಪ್ಪಸದ ಬಟ್ಟೆ ಇಟ್ಟ ತಟ್ಟೆ ಹಿಡಿದು ಗಂಗವ್ವನಿಗೆ ಉಡಿ ತುಂಬಲು ಕಾಯುತ್ತಿದ್ದಳು. ಅವನು ಅವರನ್ನೂ ಅದೇ ಕಣ್ಣಿನಿಂದ ನೋಡಿದ. ಬಿಸಿಲು ನೆತ್ತಿಗೆ ಬರುತ್ತಿತ್ತು. ಅವನು ಒಮ್ಮೆ ಓಲಾಡಿದ, ನಾನು ಏಳಲು ಹೋಗಿ ತಡೆದುಕೊಂಡೆ. ನೀರು ಬರದೆ ಹೋದರೆ? ಮೇಲೆಲ್ಲೋ ಕಟ್ಟಿಕೊಂಡರೆ? ನನ್ನ ಜೀವಮಾನದಲ್ಲಿ ಆ ಒಂದು ತಾಸಿನಷ್ಟು ಉದ್ದದ ತಾಸನ್ನು ನಾನು ಕಂಡಿಲ್ಲ.

ಮೊದಲು ಕೊಕ್ಕರೆಗಳು ಕಂಡವು. ನೀರಿನ ಮುಂದೆ ಮುಂದೆ ಹಾರಿ ಇಳಿದು ಹಾರಿ ಇಳಿದು ಬರುತ್ತಿದ್ದವು. ಆಮೇಲೆ ತರಗೆಲೆ ಉಜ್ಜಿದಂಥ ಸದ್ದು. ತಿರುವಿನಲ್ಲಿ ಮೊಣಕಾಲೆತ್ತರದ ಕೆಂಪು ನೊರೆ ಕಂಡಿತು. ಒಣ ಹುಲ್ಲು, ಹರಿದ ಚಪ್ಪಲಿ, ಮುರಿದ ಬುಟ್ಟಿ, ಹುಳಹುಪ್ಪಟೆಯನ್ನೆಲ್ಲ ದಬ್ಬಿಕೊಂಡು ನಿಧಾನವಾಗಿ ಬಂತು. ಹೆಂಟೆಗಳು ಬುಸುಗುಟ್ಟುತ್ತ ನೀರು ಹೀರಿದವು. ಏಳನೆಯವನು ಕತ್ತು ಚಾಚಿ ನೀರು ಬಂದ ದಿಕ್ಕಿಗೇ ನೋಡಿದ. ನೀರು ಅವನ ಮುಂದೆ ಹಾದು ಹೋಯಿತು, ಹೋಗುತ್ತಲೇ ಇತ್ತು, ಮುಗಿಯಲಿಲ್ಲ. ಅವನ ಕೆಳದುಟಿ ನಡುಗತೊಡಗಿತು.

ಏರಿ ಇಳಿದ. ಮೇಜರ್ ಸೇತುವೆಯ ಬಳಿ ಬೂಟು ಕಳಚುತ್ತಿದ್ದದ್ದು ನನಗೆ ಕಂಡಿತು. ಅವನು ಮೊಣಕಾಲವರೆಗೆ ಇಳಿದು ನಿಂತು, ಕೈಯನ್ನು ಹರಿವಿಗೆ ಅಡ್ಡ ಹಿಡಿದು ಅದರ ನೂಕು ನೋಡಿದ. ಆಮೇಲೆ ಬೊಗಸೆ ತುಂಬಿ ಆ ರಾಡಿ ನೀರನ್ನು ಕುಡಿದ. ಮತ್ತೆ ಮತ್ತೆ ಕುಡಿದ. ಆಸ್ಪತ್ರೆಯವನಾಗಿ ನಾನು ತಡೆಯಬೇಕಿತ್ತು. ತಡೆಯಲಿಲ್ಲ, ಕೂತಲ್ಲೇ ಅಳುತ್ತಿದ್ದೆ.

ಹತ್ತಿ ಬಂದು ನನ್ನಿಂದ ನಾಲ್ಕು ಹೆಜ್ಜೆ ದೂರ ನಿಂತ.

“ಈ ನೀರು ನಾಟಕಕ್ಕ ಯಾರೂ ಬಿಡಂಗಿಲ್ಲ. ಇದನ್ನ ನಂಬ್ತೀನಿ,” ಎಂದ. ಬಾಯಿ ಒರೆಸಿಕೊಂಡು, “ನಿಮ್ಮನ್ನ ನಂಬಂಗಿಲ್ರಿ,” ಎಂದ.

ಗಾಡಿಯಲ್ಲಿ ಯಾದಗಿರಿಗೆ ಹೋಗುವಾಗ ತಾನಾಗಿಯೇ ತೋಳು ಚಾಚಿ ಬಾಟಲಿ ಏರಿಸಿಕೊಂಡ, ಆದರೆ ಸೂಜಿ ಚುಚ್ಚಲು ನನ್ನನ್ನು ಬಿಡಲಿಲ್ಲ. ನನ್ನ ಮೇಲೆ ವಿಚಾರಣೆ ನಡೆಯಿತು. ಇದ್ದದ್ದನ್ನು ಇದ್ದಂತೆ ಬರೆದುಕೊಟ್ಟೆ. ಕೆಂಪು ಗೆರೆ ಬಿತ್ತು, ಅದು ಅಷ್ಟೇನೂ ಉರಿಯಲಿಲ್ಲ. ಅವನನ್ನು ದಾರಿಗೆ ತಂದವನೂ ನಾನೇ ಎಂದು ಮೇಜರ್ ವರದಿಯಲ್ಲಿ ಒಂದು ಸಾಲು ಸೇರಿಸಿದ್ದರು. ಆ ಸಾಲನ್ನು ನೆನೆದುಕೊಂಡು ನಾನು ವರ್ಷಗಟ್ಟಲೆ ನಿದ್ದೆ ಮಾಡಿದೆ.

ಪೆನ್ಶನ್ ಆಗಿ ಊರಿಗೆ ಬಂದ ಮೇಲೆ, ಏಳನೆಯವನು ಫೌಜು ಬಿಟ್ಟು ದೋರನಹಳ್ಳಿಯಲ್ಲೇ ಇದ್ದಾನೆಂದು ಕೇಳಿದೆ. ಒಮ್ಮೆ ನೋಡಿ ಬರಬೇಕು, ಚೆನ್ನಾಗಿದ್ದಾನೆಂದು ಕಣ್ಣಾರೆ ಕಾಣಬೇಕು ಅನ್ನಿಸಿತು. ಬೇಸಿಗೆಯ ಒಂದು ಬೆಳಿಗ್ಗೆ ಬಸ್ಸಿಳಿದು ಕಾಲುವೆ ದಂಡೆ ಹಿಡಿದು ಹೋದೆ. ಮನೆ ಕೇಳಬೇಕಾಗಲಿಲ್ಲ, ದಂಡೆಗೆ ಹಿತ್ತಲ ಬಾಗಿಲಿದ್ದ ಮನೆ ಅದೊಂದೇ. ಕಾಲುವೆ ಬತ್ತಿತ್ತು. ಕಟ್ಟೆಯ ಮೇಲೆ ಐವತ್ತು ದಾಟಿದ ಹೆಂಗಸೊಬ್ಬಳು ತೊಗರಿ ಹಸನು ಮಾಡುತ್ತಿದ್ದಳು. ಅವನ ಅಕ್ಕ. ನಿಮ್ಮ ತಮ್ಮನ ಜೊತೆ ಫೌಜಿನಲ್ಲಿದ್ದೆ ಎಂದಿದ್ದಕ್ಕೆ ಚಾಪೆ ಹಾಸಿ, ತಂಬಿಗೆಯಲ್ಲಿ ನೀರು ತಂದುಕೊಟ್ಟಳು.

“ಒಳಗ ಅದಾನ್ರಿ,” ಎಂದಳು, ಅರ್ಧ ತೆರೆದಿದ್ದ ಕೋಣೆಯ ಬಾಗಿಲ ಕಡೆ ನೋಡಿ. “ಕಾಲುವಿ ಬಂದ್ ಆಗ್ಯದಲ್ರಿ, ಈಗ ಯಾರ ಜೋಡಿನೂ ಮಾತಾಡಂಗಿಲ್ಲ. ನನ್ನ ಕೈಲೆ ನೀರು ಸುದ್ದಾ ಕುಡಿಯಂಗಿಲ್ಲ, ತಾನೇ ಸೇದಿಕೊಂಡು ಕುಡೀತಾನ. ತನ್ನ ಅಡಿಗಿ ತಾನೇ ಮಾಡ್ಕೋತಾನ. ಏನರ ಕೇಳಿದ್ರ ಹೆಸರು, ನಂಬರ್ ಹೇಳ್ತಾನ. ಮಿಲ್ಟ್ರಿ ದವಾಖಾನಿಗೂ ತೋರ್ಸೀವ್ರಿ. ನೀರು ಬಿಟ್ಟ ದಿನ ತಾನೇ ಹೊರಗ ಬಂದು, ಕಾಲುವ್ಯಾಗ ಇಳದು ಕುಡೀತಾನ. ಆಮ್ಯಾಲ ‘ಅಕ್ಕಾ, ಹಸಿವಿ ಆಗ್ಯದ’ ಅಂತಾನ. ನೀರು ಇರೋತನಕ ಚಲೋ ಇರ್ತಾನ್ರಿ.”

ನನ್ನ ಕೈಯಲ್ಲಿ ತಂಬಿಗೆ ಹಾಗೇ ಇತ್ತು. ಅವನಿಗೆ ನಂಬಿಕೆ ಬರಲೆಂದು ನಾನು ಹುಡುಕಿ ತೋರಿಸಿದ್ದು ವರ್ಷವರ್ಷವೂ ತಿಂಗಳುಗಟ್ಟಲೆ ಬತ್ತುವ ಕಾಲುವೆಯನ್ನು. ಅದು ಬತ್ತಿದಾಗಲೆಲ್ಲ ಅವನು ಆ ಗೋದಾಮಿಗೆ ಮರಳುತ್ತಿದ್ದ. ಅಷ್ಟೂ ವರ್ಷ ನಾನು ಇದನ್ನು ಯೋಚಿಸಿಯೇ ಇರಲಿಲ್ಲ. ನಾಚಿಕೆಯಿಂದ ಆಕೆಯ ಮುಖ ನೋಡಲಾಗಲಿಲ್ಲ.

“ನೀವು ಯಾವೂರ್ರಿ ಅಣ್ಣಾ? ಯಾರ ಪೈಕಿ? ತಮ್ಮಗ ಯಾರು ಬಂದಿದ್ರಂತ ಹೇಳ್ಲಿ?” ಎಂದು ಕೇಳಿದಳು.

ಅವನಿಗೂ ಕೇಳಿಸಲಿ ಎಂದು ಗಟ್ಟಿಯಾಗಿಯೇ ಹೇಳಿದೆ. “ರಂಗಂಪೇಟಿ ತಂಗೀ ನಮ್ಮದು.” ಅಪ್ಪನ ಹೆಸರು ಹೇಳಿದೆ, ಓಣಿ ಹೇಳಿದೆ, ಮನೆ ಹೇಳಿದೆ, ಮನೆಯಲ್ಲಿ ಯಾರು ಯಾರಿದ್ದಾರೆ ಎಂದು ಒಬ್ಬರನ್ನೂ ಬಿಡದೆ ಹೇಳಿದೆ. “ನಿಮ್ಮ ತಮ್ಮನ ಕೈಯಾಗ ಬಿಳಿ ಪಟ್ಟಿ ಇಟ್ಟು ಊರು ಕೇಳಿದಾವ ನಾನೇ. ಅದನ್ನ ಬರದು ಗ್ವಾಡಿಗೆ ಹಾಕಿದಾವನೂ ನಾನೇ.”

ಆಕೆಗೆ ಏನೂ ಅರ್ಥವಾಗಲಿಲ್ಲ. ಒಳಗೆ ಹೆಜ್ಜೆಯ ಸದ್ದಾಯಿತು. ಬಾಗಿಲವರೆಗೆ ಬಂದು ನಿಂತಿತು. ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು, ಒಳಗಿನಿಂದ ಚಿಲಕ ಬಿತ್ತು.

“ಹಿಂಗೇ ಮಾಡ್ತಾನ್ರಿ. ಬ್ಯಾಸರ ಮಾಡ್ಕೋಬ್ಯಾಡ್ರಿ. ನೀರು ಬರ್ಲಿ, ಸರಿ ಆಗ್ತಾನ,” ಎಂದಳು ಅಕ್ಕ.

ತಂಬಿಗೆಯ ನೀರು ಕುಡಿದು ಎದ್ದೆ. ಕಾಲುವೆಗೆ ನೀರು ಬಿಡಲು ಇನ್ನೂ ಎರಡು ತಿಂಗಳಿತ್ತು.